ತೋಟದ ಟ್ರ್ಯಾಕ್ಟರು, ಹಳ್ಳದ ನೀರು

ಮಲೆನಾಡಿನ ಮನೆಗಳಲ್ಲಿ ಎತ್ತಿನ ಕೊಟ್ಟಿಗೆ ಬರಿದಾಗಿ, ಅದೇ ಜಾಗದಲ್ಲಿ ಸಣ್ಣ ಟ್ರ್ಯಾಕ್ಟರೊಂದು ಬಂದು ನಿಂತಿರುವುದು ಈಗ ಅಪರೂಪದ ನೋಟವಲ್ಲ. ಆಳುಗಳ ಅಭಾವ, ನಗರ ಸೇರಿದ ಮಕ್ಕಳು, ಮನೆಯಲ್ಲುಳಿದ ಹಿರಿಯರ ಏರುತ್ತಿರುವ ವಯಸ್ಸು ಇವೆಲ್ಲ ಸೇರಿ ಈ ಬದಲಾವಣೆಯನ್ನು ತಂದಿವೆ. ಮೊದಲು ಗದ್ದೆಗೆ ಪವರ್ ಟಿಲ್ಲರ್ ಬಂತು. ಅನಂತರ ಒಂದು ಮೀಟರಿನ ಆಸುಪಾಸಿನ ಅಗಲದ, 15ರಿಂದ 28 ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರುಗಳು ಬಂದವು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲುಗಳ ನಡುವೆ ಇವು ಸಲೀಸಾಗಿ ನುಸುಳುತ್ತವೆ. ಬೆಟ್ಟದಿಂದ ಸೊಪ್ಪು, ದರಕು ತರುವುದು, ಗೊಬ್ಬರ ಹೊರುವುದು, ಕೊಯ್ದ ಅಡಿಕೆ ಕೊನೆಯನ್ನು ಅಂಗಳಕ್ಕೆ ತಲುಪಿಸುವುದು ಎಲ್ಲವೂ ಈಗ ಇವುಗಳ ಪಾಲಿನ ಕೆಲಸ.

ಯಂತ್ರ ಬೇಕೇ, ಬೇಡವೇ ಎಂಬ ಚರ್ಚೆ ಪರಿಸರ ಚಳವಳಿಯ ಸಭೆಗಳಲ್ಲಿ ಇಂದಿಗೂ ನಡೆಯುತ್ತದೆ. ಆ ಚರ್ಚೆಗೆ ತನ್ನದೇ ಆದ ಘನತೆಯಿದೆ. ಆದರೆ ಕೃಷಿಕರು ಅದನ್ನು ತಮ್ಮ ತಮ್ಮ ಅಂಗಳದಲ್ಲಿ ಎಂದೋ ತೀರ್ಮಾನಿಸಿ ಮುಗಿಸಿದ್ದಾರೆ. ಉಳಿದಿರುವುದು ಮತ್ತೊಂದು ಪ್ರಶ್ನೆ. ಅದು ಸಣ್ಣದೆಂದು ತೋರುವುದರಿಂದಲೇ ಯಾರೂ ಅದನ್ನು ಕೇಳುತ್ತಿಲ್ಲ. ಎತ್ತು ಹುಲ್ಲು ತಿಂದು, ನೀರು ಕುಡಿದು ಹಾಕಿದ ಸಗಣಿ ಗೊಬ್ಬರಗುಂಡಿಗೆ ಸೇರುತ್ತಿತ್ತು. ಅಲ್ಲಿಂದ ತೋಟಕ್ಕೆ ಹೋಗುತ್ತಿತ್ತು. ಟ್ರ್ಯಾಕ್ಟರು ಕುಡಿಯುವ ಎಣ್ಣೆ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಅಂಗಳದ ಅಂಚಿನಲ್ಲಿ, ತೋಟದ ಬಸಿಗಾಲುವೆಯ ಪಕ್ಕದಲ್ಲಿ, ಹಳ್ಳದ ಕಟ್ಟಿನ ಬಳಿ ಕಪ್ಪಾದ ಮಣ್ಣನ್ನು ನೋಡಿದರೆ ಸಾಕು. ಎಂಜಿನ್ ಆಯಿಲ್ ಬದಲಿಸುವಾಗ ಅಡಿಯ ಬೋಲ್ಟು ಬಿಚ್ಚಿ ಮಣ್ಣಿಗೇ ಹರಿಸಿಬಿಡುವ ರೂಢಿ ಅನೇಕ ಕಡೆ ಇದೆ. ಹಳೆಯ ಡಬ್ಬದಲ್ಲಿ ಹಿಡಿದಿಟ್ಟವರೂ ಅದನ್ನು ಬೇಲಿಯ ಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ, ಕಾಂಕ್ರೀಟು ಹಾಕುವ ಸೆಂಟ್ರಿಂಗ್ ಹಲಗೆಗೆ ಬಳಿಯುತ್ತಾರೆ. ವರಲೆ ಬಾರದಿರಲೆಂದು ಮನೆಯ ಬುಡಕ್ಕೂ ಸುರಿಯುವವರಿದ್ದಾರೆ. ಮರ ಕೊಯ್ಯುವ ಗರಗಸದ ಸರಪಳಿಗೆ ಸುಟ್ಟ ಎಣ್ಣೆ ಹಾಕುವುದೂ ಉಂಟು. ತಿರುಗುವ ಸರಪಳಿ ಆ ಎಣ್ಣೆಯನ್ನು ಹನಿಹನಿಯಾಗಿ ಕಾಡಿನ ನೆಲದ ಮೇಲೆ ಸಿಡಿಸುತ್ತದೆ. ದನದ ಮೈಯ ಉಣ್ಣೆಗೆ, ನಾಯಿಯ ಕಜ್ಜಿಗೆ ಇದನ್ನೇ ಮದ್ದೆಂದು ಹಚ್ಚುವ ಪದ್ಧತಿ ಎಲ್ಲಕ್ಕಿಂತ ಕ್ರೂರವಾದದ್ದು. ಮೂಕಪ್ರಾಣಿ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುತ್ತದೆ ಎಂಬುದನ್ನು ಹಚ್ಚುವವರು ಮರೆಯುತ್ತಾರೆ.

ಹೊಸ ಎಣ್ಣೆಗೂ ಸುಟ್ಟ ಎಣ್ಣೆಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳಾದರೂ ಅರಿತಿರಬೇಕು. ಎಂಜಿನ್ನಿನೊಳಗೆ ಕೀಲೆಣ್ಣೆಯ ಕೆಲಸ ಲೋಹದ ಭಾಗಗಳ ಸವೆತವನ್ನು ತಪ್ಪಿಸುವುದಷ್ಟೇ ಅಲ್ಲ. ಪಿಸ್ಟನ್ನಿನ ಬಿಸಿಯನ್ನು ಹೊತ್ತೊಯ್ಯುವುದು, ಉರಿಯುವಾಗ ಹುಟ್ಟಿದ ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು, ಆಮ್ಲವನ್ನು ತಟಸ್ಥಗೊಳಿಸುವುದು, ಉಂಗುರಗಳ ಸಂದನ್ನು ಮುಚ್ಚುವುದು ಇವೆಲ್ಲವೂ ಅದರ ಕರ್ತವ್ಯ. ಇದಕ್ಕಾಗಿ ಅದರಲ್ಲಿ ಸತುವು, ರಂಜಕ, ಕ್ಯಾಲ್ಸಿಯಂಗಳಿಂದ ಕೂಡಿದ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಎಣ್ಣೆ ಕಪ್ಪಾಗುವುದು ಅದು ಕೆಟ್ಟಿತೆಂಬುದರ ಗುರುತಲ್ಲ. ಮಸಿಯನ್ನು ಹೊರುವ ತನ್ನ ಕೆಲಸವನ್ನು ಅದು ಮಾಡುತ್ತಿದೆ ಎಂಬುದರ ಗುರುತು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಆದರೆ ನೂರಾರು ಗಂಟೆ ದುಡಿದ ಬಳಿಕ ಅದರೊಳಗೆ ಕಬ್ಬಿಣ, ತಾಮ್ರ, ಸೀಸದ ಸೂಕ್ಷ್ಮ ಕಣಗಳು, ಅರೆಬೆಂದ ಇಂಧನ, ಕ್ಯಾನ್ಸರ್ ತರಬಲ್ಲ ಕೆಲವು ಹೈಡ್ರೋಕಾರ್ಬನ್‌ಗಳು ಸೇರಿರುತ್ತವೆ. ಬರಿಗೈಯಲ್ಲಿ ಇದನ್ನು ಮುಟ್ಟುವುದೇ ಸಲ್ಲದು. ಹೀಗಿರುವಾಗ ಕುಡಿಯುವ ನೀರಿನ ನೆತ್ತಿಯ ಮೇಲೆ ಸುರಿಯುವುದು ಎಂಥ ಅವಿವೇಕವೆಂದು ಬೇರೆ ಹೇಳಬೇಕಿಲ್ಲ.

ನೆತ್ತಿಯ ಮೇಲೆ ಎಂದದ್ದು ಅಲಂಕಾರಕ್ಕಲ್ಲ. ಬಯಲುಸೀಮೆಯಲ್ಲಿ ಚೆಲ್ಲಿದ ಎಣ್ಣೆ ಬಹುಕಾಲ ಚೆಲ್ಲಿದಲ್ಲಿಯೇ ಇದ್ದೀತು. ಮಲೆನಾಡಿನಲ್ಲಿ ಅಂಗಳದ ಕೆಳಗೆ ತೋಟ, ತೋಟದ ಕೆಳಗೆ ಹಳ್ಳ, ಹಳ್ಳದ ಕೆಳಗೆ ಇನ್ನೊಬ್ಬರ ಬಾವಿ. ಮೇಲಿನ ಮನೆಯವರು ಚೆಲ್ಲಿದ್ದು ಕೆಳಗಿನ ಮನೆಯವರ ಅಬ್ಬಿ ನೀರಿಗೆ ಸೇರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂಥ ಊರುಗಳಲ್ಲಿ ಬೇಸಿಗೆಯಿಡೀ ಮಣ್ಣಿನಲ್ಲಿ ಕುಳಿತ ಎಣ್ಣೆಯನ್ನು ಜೂನ್ ತಿಂಗಳ ಮೊದಲ ಮಳೆಗಳೇ ತೊಳೆದು ಒಯ್ಯುತ್ತವೆ. ಕಪ್ಪೆಗಳು ಮೊಟ್ಟೆಯಿಡುವ ಕಾಲ, ಮೀನು ಹಳ್ಳವೇರುವ ಕಾಲವೂ ಅದೇ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೋರುವ ಎಣ್ಣೆಯ ಪೊರೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಅರ್ಧ ಮೈಕ್ರಾನ್ ದಪ್ಪವೆಂದು ಹಿಡಿದರೆ ಒಂದು ಲೀಟರ್ ಎಣ್ಣೆ 2,000 ಚದರ ಮೀಟರ್, ಅಂದರೆ ಸುಮಾರು ಅರ್ಧ ಎಕರೆ ನೀರಿನ ಮೇಲೆ ಹರಡಿಕೊಳ್ಳಬಲ್ಲದು. ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವಿದು. ಒಂದು ವಾಹನದಿಂದ ಒಮ್ಮೆ ಬಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಶುದ್ಧ ನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಹುಕಾಲದಿಂದ ಹೇಳುತ್ತ ಬಂದಿದೆ. ಅಷ್ಟೂ ನೀರು ಅದರಿಂದ ವಿಷವಾಗುತ್ತದೆಂದು ಅರ್ಥೈಸುವುದು ಬೇಡ. ಆದರೆ ಪೊರೆ ಕಟ್ಟಿದ ಮಡುವಿನಲ್ಲಿ ಗಾಳಿಗಾಗಿ ಮೇಲೆ ಬರುವ ನೀರಹುಳುಗಳು ಉಸಿರುಗಟ್ಟುತ್ತವೆ. ನೀರಿಗೆ ಗಾಳಿ ಬೆರೆಯುವುದು ಕುಂದುತ್ತದೆ. ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆತಿದೆ. ಅಲ್ಲಿನ ಬಳಚು, ಕಲ್ವಗಳು ಹರಿದು ಬಂದ ನೀರನ್ನು ಸೋಸಿಯೇ ಬದುಕುತ್ತವೆ. ಘಟ್ಟದ ಮೇಲಿನ ತೋಟಕ್ಕೂ ಕರಾವಳಿಯ ಬಳಚು ಹೆಕ್ಕುವ ಹೆಂಗಸರ ಬುಟ್ಟಿಗೂ ನಡುವೆ ಇರುವುದು ಒಂದೇ ನೀರು.

ಇದಕ್ಕೆಲ್ಲ ಪರಿಹಾರ ಎಣ್ಣೆ ಬದಲಿಸುವುದನ್ನೇ ನಿಲ್ಲಿಸುವುದಲ್ಲ. ಕೆಲವರು ಖರ್ಚಿಗೆ ಅಂಜಿ, ಕೆಲವರು ಉದಾಸೀನದಿಂದ, ವರ್ಷಗಟ್ಟಲೆ ಹಳೆಯ ಎಣ್ಣೆಯಲ್ಲೇ ಟ್ರ್ಯಾಕ್ಟರು ಓಡಿಸುತ್ತಾರೆ. ಅಂಥ ಎಂಜಿನ್ನು ಬೇಗ ಸವೆಯುತ್ತದೆ, ಹೊಗೆ ಕಾರುತ್ತದೆ, ಹೆಚ್ಚು ಡೀಸೆಲ್ ಕುಡಿಯುತ್ತದೆ, ಸೀಲುಗಳಿಂದ ಎಣ್ಣೆ ಜಿನುಗಿಸುತ್ತ ತೋಟವಿಡೀ ತಿರುಗುತ್ತದೆ. ಚೆನ್ನಾಗಿ ನೋಡಿಕೊಂಡ ಯಂತ್ರವೇ ಪರಿಸರಕ್ಕೂ ಕಡಿಮೆ ಹೊರೆ. ಲಕ್ಷಾಂತರ ರೂಪಾಯಿಯ ಸಾಲಕ್ಕೆ ಸಹಿ ಹಾಕಿದ ಕುಟುಂಬವೊಂದು ಟ್ರ್ಯಾಕ್ಟರಿನ ಜೊತೆ ಬಂದ ಕೈಪಿಡಿಯನ್ನು ಒಮ್ಮೆಯೂ ತೆರೆದು ನೋಡದಿರುವುದು ವಿಚಿತ್ರವಾದರೂ ನಿಜ. ಅದು ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ಕೊಂಡವರಿಗಿದೆ. ಕೇಳುವವರು ಹೆಚ್ಚಿದಂತೆ ಕೊಡುವವರೂ ಎಚ್ಚರಗೊಳ್ಳುತ್ತಾರೆ.

ಹೊಸ ಟ್ರ್ಯಾಕ್ಟರಿನ ಮೊದಲ ಎಣ್ಣೆಯನ್ನು ಸಾಮಾನ್ಯವಾಗಿ 50 ಗಂಟೆಗಳ ಸುಮಾರಿಗೇ ಬದಲಿಸಬೇಕಾಗುತ್ತದೆ. ಹೊಸ ಲೋಹದ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಕಣಗಳು ಆ ಎಣ್ಣೆಯಲ್ಲಿರುತ್ತವೆ. ಅನಂತರದ ಅವಧಿ ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ. 100 ಗಂಟೆ ಎನ್ನುವವರಿದ್ದಾರೆ, 250 ಗಂಟೆ ಎನ್ನುವವರೂ ಇದ್ದಾರೆ. ಇಲ್ಲಿ ಕೈಪಿಡಿಯ ಮಾತೇ ಅಂತಿಮ, ಪೇಟೆಯ ಮೆಕ್ಯಾನಿಕ್ಕಿನದಲ್ಲ. ಅನಾವಶ್ಯಕವಾಗಿ ಬೇಗ ಬದಲಿಸಿದರೆ ಹಣವೂ ವ್ಯರ್ಥ, ಸುಟ್ಟ ಎಣ್ಣೆಯ ರಾಶಿಯೂ ಹೆಚ್ಚು. ತೋಟದ ಟ್ರ್ಯಾಕ್ಟರುಗಳಿಗೆ ಮಾತ್ರ ಅನ್ವಯಿಸುವ ಒಂದು ಸಂಗತಿಯಿದೆ. ಇವು ದಿನಕ್ಕೆ ಹತ್ತು ನಿಮಿಷ, ಇಪ್ಪತ್ತು ನಿಮಿಷವೆಂದು ಬಿಟ್ಟು ಬಿಟ್ಟು ಓಡುತ್ತವೆ. ಎಂಜಿನ್ನು ಪೂರ್ಣ ಬಿಸಿಯಾಗುವ ಮೊದಲೇ ಆರಿಸಿದರೆ ಒಳಗೆ ಹುಟ್ಟಿದ ನೀರಾವಿ ಹೊರಹೋಗದೆ ಎಣ್ಣೆಗೇ ಸೇರುತ್ತದೆ. ಆದ್ದರಿಂದ ಅವರ್ ಮೀಟರಿನ ಅಂಕಿ ಇನ್ನೂ ಎರಡಂಕಿಯಲ್ಲೇ ಇದ್ದರೂ ವರ್ಷಕ್ಕೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಿಸುವುದು ಅಗತ್ಯ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ದೊರೆಯುವ ಡೀಸೆಲಿನಲ್ಲಿ ಗಂಧಕದ ಪ್ರಮಾಣ ದಶಲಕ್ಷಕ್ಕೆ 10 ಭಾಗಕ್ಕೆ ಇಳಿದಿದೆ. ಇದರಿಂದ ಎಣ್ಣೆಯಲ್ಲಿ ಸೇರುವ ಆಮ್ಲ ತಗ್ಗಿರುವುದು ನಿಜ. ಮಸಿ, ಧೂಳು, ನೀರಾವಿಗಳು ಮಾತ್ರ ಹಿಂದಿನಂತೆಯೇ ಇವೆ.

ಗುಡ್ಡದ ಊರಿಗೆ ಬಂದ ಯಂತ್ರಕ್ಕೆ ಗುಡ್ಡದ್ದೇ ಆದ ಕಷ್ಟಗಳೂ ಇವೆ. ಇಳಿಜಾರಿನಲ್ಲಿ ನಿಂತ ಟ್ರ್ಯಾಕ್ಟರಿನ ಅಳತೆ ಕಡ್ಡಿ ಸುಳ್ಳು ಹೇಳುತ್ತದೆ. ಎಣ್ಣೆ ಒಂದು ಬದಿಗೆ ಸರಿದು ಕಡ್ಡಿಯಲ್ಲಿ ತುಂಬಿದಂತೆ ತೋರಬಹುದು, ಇಲ್ಲವೇ ಬರಿದಾದಂತೆ ತೋರಿ ಅನಗತ್ಯವಾಗಿ ಸುರಿಸಿಕೊಳ್ಳಬಹುದು. ಆದುದರಿಂದ ಸಮತಟ್ಟಾದ ಅಂಗಳದಲ್ಲಿ, ಎಂಜಿನ್ನು ಆರಿಸಿ ಕೆಲವು ನಿಮಿಷಗಳಾದ ಮೇಲೆ, ಕಡ್ಡಿಯನ್ನು ಒರೆಸಿ ಎರಡನೆಯ ಬಾರಿ ಅದ್ದಿ ನೋಡಬೇಕು. ಎಣ್ಣೆ ಕೆಳಗಿನ ಗೆರೆಗೆ ಹತ್ತಿರವಿರುವ ಟ್ರ್ಯಾಕ್ಟರನ್ನು ಕಡಿದಾದ ಏರಿಗೆ ಹತ್ತಿಸಿದರೆ ಎಣ್ಣೆಯೆಲ್ಲ ಹಿಂದಕ್ಕೆ ಸರಿದು ಪಂಪು ಗಾಳಿಯನ್ನು ಎಳೆಯುವ ಅಪಾಯವಿದೆ. ಕೆಲವೇ ಕ್ಷಣಗಳಲ್ಲಿ ಬೇರಿಂಗುಗಳು ಹಾಳಾಗುತ್ತವೆ. ಮೇಲಿನ ಗೆರೆಯನ್ನು ಮೀರಿ ತುಂಬುವುದೂ ಕೇಡೇ, ಎಣ್ಣೆ ನೊರೆಯಾಗುತ್ತದೆ. ಯಾರೂ ಸುರಿಯದೆಯೇ ಎಣ್ಣೆಯ ಮಟ್ಟ ಏರಿದ್ದರೆ ಅದು ಸಂತೋಷಪಡುವ ವಿಷಯವಲ್ಲ. ಡೀಸೆಲೋ ರೇಡಿಯೇಟರಿನ ನೀರೋ ಒಳಗೆ ಸೋರುತ್ತಿದೆ ಎಂದೇ ಅದರ ಅರ್ಥ.

ಗೇರುಪೆಟ್ಟಿಗೆಯ ಎಣ್ಣೆಯನ್ನು ಎಂಜಿನ್ ಆಯಿಲಿನಷ್ಟೂ ಯಾರೂ ವಿಚಾರಿಸುವುದಿಲ್ಲ. ಇಂದಿನ ಬಹುತೇಕ ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರು, ಹೈಡ್ರಾಲಿಕ್ ಲಿಫ್ಟು, ಎಣ್ಣೆಯಲ್ಲಿ ಮುಳುಗಿರುವ ಬ್ರೇಕು ಈ ಮೂರಕ್ಕೂ ಒಂದೇ ಎಣ್ಣೆ. ಅಂದರೆ ಇಳಿಜಾರಿನಲ್ಲಿ ಹೇರು ತುಂಬಿದ ಟ್ರೇಲರನ್ನು ತಡೆದು ನಿಲ್ಲಿಸುವ ಬ್ರೇಕು ಅವಲಂಬಿಸಿರುವುದೂ ಅದನ್ನೇ. ಡಬ್ಬದಲ್ಲಿ ಉಳಿದ ಯಾವುದೋ ಗೇರ್ ಆಯಿಲನ್ನು ಅದಕ್ಕೆ ಬೆರೆಸಿದರೆ ಬ್ರೇಕು ಕಿರುಗುಟ್ಟುತ್ತದೆ, ಹಿಡಿತ ತಪ್ಪುತ್ತದೆ. ಕೈಪಿಡಿಯಲ್ಲಿ ಸೂಚಿಸಿದ ಎಣ್ಣೆಯನ್ನೇ ಹಾಕಬೇಕೆನ್ನುವುದು ಇಲ್ಲಿ ಪ್ರಾಣದ ಪ್ರಶ್ನೆ, ಕಂಪನಿಯ ವ್ಯಾಪಾರದ ಪ್ರಶ್ನೆಯಲ್ಲ. ಈ ಎಣ್ಣೆಯ ದೊಡ್ಡ ಶತ್ರು ನೀರು. ಗದ್ದೆಯ ಕೆಸರಿನಲ್ಲಿ ಹೂಡುವಾಗ, ತುಂಬಿದ ಹಳ್ಳ ದಾಟಿಸುವಾಗ, ಗೇರ್ ಹಿಡಿಕೆಯ ಹರಿದ ರಬ್ಬರಿನ ಮೂಲಕ, ಸವೆದ ಸೀಲುಗಳ ಮೂಲಕ ನೀರು ಒಳಸೇರುತ್ತದೆ. ನಾಲ್ಕೂ ಚಕ್ರಕ್ಕೆ ಬಲವಿರುವ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ಲಿಗೂ ಇದೇ ಗತಿ. ನೀರು ಸೇರಿದ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಾಣುತ್ತದೆ. ಸಂಶಯ ಬಂದವರು ಯಂತ್ರವನ್ನು ಒಂದು ರಾತ್ರಿ ಅಲುಗಿಸದೆ ಬಿಟ್ಟು, ಬೆಳಗ್ಗೆ ಅಡಿಯ ಬೋಲ್ಟನ್ನು ತುಸುವೇ ಸಡಿಲಿಸಿ ನೋಡಬಹುದು. ನೀರು ಎಣ್ಣೆಗಿಂತ ಭಾರವಾದ್ದರಿಂದ ಮೊದಲು ಅದೇ ತೊಟ್ಟಿಕ್ಕುತ್ತದೆ. ನಾಟಿಯ ಕೆಲಸ ಮುಗಿದ ಕೂಡಲೇ ಈ ಪರೀಕ್ಷೆ ಮಾಡುವುದು ಒಳ್ಳೆಯದು. ದೀಪಾವಳಿಯವರೆಗೆ ಕಾದರೆ ಬೇರಿಂಗಿಗೆ ತುಕ್ಕು ಹಿಡಿದಿರುತ್ತದೆ.

ಡೀಸೆಲ್ ಟ್ಯಾಂಕಿನದೂ ಇದೇ ಕಥೆ. ಮಳೆಗಾಲದಲ್ಲಿ ಅರೆಬರಿ ಟ್ಯಾಂಕಿನ ಗಾಳಿಯ ತೇವ ರಾತ್ರಿ ಹನಿಗಟ್ಟಿ ಡೀಸೆಲಿನ ತಳ ಸೇರುತ್ತದೆ. ಸಂಜೆಯೇ ಟ್ಯಾಂಕು ತುಂಬಿಸಿಡುವುದು, ಫಿಲ್ಟರಿನ ತಳದ ನೀರನ್ನು ಆಗಾಗ ತೆಗೆಯುವುದು ಸಾಕು. ಹಳೆಯ ಮಾದರಿಯ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇದ್ದವರು ಬೇಸಿಗೆಯ ಧೂಳಿನ ದಿನಗಳಲ್ಲಿ ಆ ಬಟ್ಟಲನ್ನು ಮರೆಯಬಾರದು.

ರೇಡಿಯೇಟರಿನ ವಿಷಯದಲ್ಲಿ ಮಾತ್ರ ಪ್ರತ್ಯೇಕ ಎಚ್ಚರಿಕೆ ಬೇಕು. ಮಲೆನಾಡಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲವಾದ್ದರಿಂದ ಕೂಲಂಟ್ ಏತಕ್ಕೆಂದು ಕೇಳುವವರಿದ್ದಾರೆ. ಬರೀ ನೀರು ಎಂಜಿನ್ನಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ. ಕೂಲಂಟ್ ಅದನ್ನು ತಡೆಯುತ್ತದೆ, ನೀರು ಕುದಿಯುವ ಉಷ್ಣತೆಯನ್ನೂ ಏರಿಸುತ್ತದೆ. ಹಾಕುವುದು ಸರಿ. ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬಸಿದ ಕೂಲಂಟನ್ನು ಅಂಗಳದಲ್ಲಿ ತೆರೆದಿಟ್ಟ ತಟ್ಟೆಯಿಂದ ನಾಯಿ ನಾಲ್ಕು ಚಮಚ ನೆಕ್ಕಿದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ಕರುಗಳಿಗೂ ಮಕ್ಕಳಿಗೂ ಇದು ಅಷ್ಟೇ ಅಪಾಯಕಾರಿ. ಹಸಿರು, ಗುಲಾಬಿ ಬಣ್ಣದ ಈ ದ್ರವವನ್ನು ಶರಬತ್ತಿನ ಹಳೆಯ ಬಾಟಲಿಯಲ್ಲಿ ತುಂಬಿಡುವ ಮನೆಗಳಲ್ಲಿ ಹೆಂಗಸರಾದರೂ ಅದಕ್ಕೆ ತಡೆ ಹಾಕಬೇಕು. ಇದನ್ನು ಸುಟ್ಟ ಎಣ್ಣೆಯ ಜೊತೆಗೂ ಬೆರೆಸಬಾರದು. ಬೆರೆಸಿದ ಎಣ್ಣೆಯನ್ನು ಮರುಸಂಸ್ಕರಣೆಗೆ ಒಯ್ಯುವವರು ಮುಟ್ಟುವುದಿಲ್ಲ.

ಮರುಸಂಸ್ಕರಣೆ ಎಂಬುದು ಬರೀ ಆಸೆಯ ಮಾತಲ್ಲ. ಕೀಲೆಣ್ಣೆ ಎಂಜಿನ್ನಿನಲ್ಲಿ ಕೊಳೆಯಾಗುತ್ತದೆಯೇ ಹೊರತು ಪೂರಾ ಸವೆದುಹೋಗುವುದಿಲ್ಲ. ಶುದ್ಧೀಕರಿಸಿದರೆ ಮತ್ತೆ ಕೀಲೆಣ್ಣೆಯೇ ಆಗುತ್ತದೆ. 2016ರ ಅಪಾಯಕಾರಿ ಹಾಗೂ ಇತರ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಈ ನಿಯಮಗಳಿಗೆ ತಿದ್ದುಪಡಿ ತಂದು, ಕೀಲೆಣ್ಣೆ ತಯಾರಿಸುವ ಕಂಪನಿಗಳೇ ಸುಟ್ಟ ಎಣ್ಣೆಯ ಮರುಸಂಸ್ಕರಣೆಗೆ ಹೊಣೆಯೆಂದು ವಿಧಿಸಿತು. 2024ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಸಂಗ್ರಾಹಕರು, ಮರುಸಂಸ್ಕಾರಕರು ನೋಂದಾಯಿಸಿಕೊಳ್ಳಬೇಕೆಂಬ ವ್ಯವಸ್ಥೆಯೂ ಅದರಲ್ಲಿದೆ. ಆದರೆ ದೊಡ್ಡ ಕಾರ್ಖಾನೆ, ಸಾರಿಗೆ ಡಿಪೋಗಳ ಪೀಪಾಯಿಗಳನ್ನು ತುಂಬಿಕೊಂಡು ಹೋಗುವ ಸಂಗ್ರಾಹಕನಿಗೆ ಘಟ್ಟದ ತಿರುವುಗಳನ್ನು ಹತ್ತಿ ಒಂದೊಂದು ಮನೆಯಿಂದ ನಾಲ್ಕು ಲೀಟರ್ ಎಣ್ಣೆ ಒಯ್ಯುವ ಅಗತ್ಯವಿಲ್ಲ. ಕಾಗದದ ಮೇಲಿನ ಹೊಣೆ ಹಳ್ಳಿಯ ಅಂಗಳದವರೆಗೆ ಬರಬೇಕಾದರೆ ಹಳ್ಳಿಯೂ ಕೆಲವು ಹೆಜ್ಜೆ ಮುಂದೆ ಬರಬೇಕಾಗುತ್ತದೆ.

ಲೆಕ್ಕ ಸುಲಭ. ಒಂದು ಊರಿನಲ್ಲಿ 20 ಸಣ್ಣ ಟ್ರ್ಯಾಕ್ಟರು, ಟಿಲ್ಲರುಗಳಿವೆ, ಒಂದೊಂದೂ ವರ್ಷಕ್ಕೆರಡು ಬಾರಿ ನಾಲ್ಕು ಲೀಟರ್ ಎಣ್ಣೆ ಬದಲಿಸುತ್ತದೆ ಎಂದಿಟ್ಟುಕೊಂಡರೆ 160 ಲೀಟರ್ ಆಯಿತು. ಗೇರುಪೆಟ್ಟಿಗೆಯ ಹತ್ತಿಪ್ಪತ್ತು ಲೀಟರು, ಜೀಪು, ಬೈಕುಗಳದ್ದು ಸೇರಿದರೆ 200 ಲೀಟರಿನ ಒಂದು ಪೀಪಾಯಿ ವರ್ಷದೊಳಗೆ ತುಂಬುತ್ತದೆ. ಅಡಿಕೆ ಬೆಳೆಗಾರರ ಸಹಕಾರಿ ಸಂಘಗಳು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಪ್ರತಿ ಊರಿನಲ್ಲೂ ಗೊಬ್ಬರ, ಸುಣ್ಣ, ಮೈಲುತುತ್ತ ಮಾರುತ್ತವೆ. ಅವುಗಳ ಗೋದಾಮಿನ ಮೂಲೆಯಲ್ಲಿ ಒಂದು ಪೀಪಾಯಿಗೆ ಜಾಗವಿಲ್ಲದೆ ಹೋಗದು. ಎಣ್ಣೆ ಮಾರುವ ಅಂಗಡಿಯವರು ಹಳೆಯ ಎಣ್ಣೆಯನ್ನು ಹಿಂದಕ್ಕೆ ಪಡೆಯಬೇಕೆಂದು ಪಂಚಾಯಿತಿ ಗ್ರಾಮಸಭೆಯಲ್ಲಿ ಒತ್ತಾಯಿಸಬಹುದು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ತಮ್ಮ ಯಂತ್ರಗಳ ಎಣ್ಣೆಯ ಲೆಕ್ಕವನ್ನು ಗೋಡೆಯ ಮೇಲೆ ಬರೆದಿಡಲಿ. ಸರ್ಕಾರದ ನೆರವು ಪಡೆದವರು ಅಷ್ಟು ಮಾಡಲೇಬೇಕು. ಶಾಲೆಯ ಪರಿಸರ ಕ್ಲಬ್ಬಿನ ಮಕ್ಕಳು ತಮ್ಮೂರಿನಲ್ಲಿ ಎಷ್ಟು ಯಂತ್ರಗಳಿವೆ, ಎಷ್ಟು ಎಣ್ಣೆ ಬದಲಾಗುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂಬ ಮೂರೇ ಪ್ರಶ್ನೆ ಹಿಡಿದು ಮನೆಮನೆಗೆ ಹೋದರೆ ಯಾವ ಇಲಾಖೆಯ ಬಳಿಯೂ ಇಲ್ಲದ ಮಾಹಿತಿ ಸಿದ್ಧವಾಗುತ್ತದೆ. ಪ್ರತಿವರ್ಷ ಜೂನ್ 5ರಂದು ಸಸಿ ನೆಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವುದಕ್ಕಿಂತ ಇದು ಹೆಚ್ಚು ಶ್ರಮದ ಕೆಲಸ ಎಂಬುದಂತೂ ನಿಜ.

ಮನೆಯ ಮಟ್ಟದಲ್ಲಿ ಬೇಕಾದುದು ಬಹಳವೇನಿಲ್ಲ. ಎಂಜಿನ್ನು ಸ್ವಲ್ಪ ಬಿಸಿಯಿರುವಾಗ, ಅಗಲವಾದ ತಟ್ಟೆ ಇಟ್ಟು, ಎಣ್ಣೆಯನ್ನು ನಿಧಾನವಾಗಿ ಪೂರ್ಣ ಬಸಿಯಲು ಬಿಡಬೇಕು. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿದರೆ ಅದರೊಳಗಿನ ಎಣ್ಣೆಯೂ ಬರುತ್ತದೆ. ಅದೇ ಎಣ್ಣೆಯ ಹಳೆಯ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದಿಡಬೇಕು. ಖಾಲಿಯಾದ ಡಬ್ಬಗಳನ್ನು ಗುಜರಿಗೆ ಕೊಡುವಾಗ ತೂತು ಮಾಡಿ ಕೊಡುವುದು ಲೇಸು. ನಕಲಿ ಎಣ್ಣೆ ತುಂಬುವವರಿಗೆ ಬೇಕಾಗಿರುವುದು ಅಂಥ ಇಡೀ ಡಬ್ಬಗಳೇ. ಕೈತಪ್ಪಿ ನೆಲಕ್ಕೆ ಚೆಲ್ಲಿದರೆ ಮರದ ಹೊಟ್ಟು, ಒಣ ಮಣ್ಣು ಹಾಕಿ ಹೀರಿಸಿ ಬಾಚಿ ತೆಗೆಯಬೇಕು. ಸೋಪಿನ ಪುಡಿ ಹಾಕಿ ತೊಳೆದರೆ ಎಣ್ಣೆ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ಸೋಪಿನ ಸಮೇತ ಹಳ್ಳ ಸೇರುತ್ತದೆ. ಟ್ರ್ಯಾಕ್ಟರನ್ನು ಹಳ್ಳಕ್ಕಿಳಿಸಿ ತೊಳೆಯುವ ಹುಡುಗರಿಗೆ ಇದನ್ನು ಹೇಳಬೇಕಾದವರು ಅವರ ಮನೆಯ ಹಿರಿಯರು.

ಪೀಪಾಯಿಯನ್ನು ಇಡುವ ಸ್ಥಳದ ಬಗ್ಗೆ ಸಂಘಗಳು ಎಚ್ಚರ ವಹಿಸಬೇಕು. ಸೂರಿನಡಿಯಲ್ಲಿ, ಸಿಮೆಂಟಿನ ನೆಲದ ಮೇಲೆ, ಸುತ್ತ ಗೇಣೆತ್ತರದ ಕಟ್ಟೆ ಕಟ್ಟಿ, ಬೀಗವಿರುವ ಮುಚ್ಚಳದೊಂದಿಗೆ ಇಡುವುದು ಸೂಕ್ತ. ಹಳ್ಳದ ನೆರೆ ಎಂದೂ ಏರದ ಜಾಗವಾಗಿರಬೇಕು. ಯುಗಾದಿಯಿಂದ ಮೃಗಶಿರಾ ಮಳೆಯವರೆಗಿನ ಅವಧಿಯಲ್ಲಿ ತಾಲ್ಲೂಕಿನ ನಾಲ್ಕಾರು ಸಂಘಗಳು ಒಟ್ಟಾಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ಸಂಗ್ರಾಹಕನನ್ನು ಒಂದೇ ದಿನ ಕರೆಸಿದರೆ ಅವನಿಗೂ ಘಟ್ಟ ಹತ್ತಿ ಬಂದ ಖರ್ಚು ಗಿಟ್ಟುತ್ತದೆ, ಮಳೆ ಹಿಡಿಯುವ ಮೊದಲೇ ಪೀಪಾಯಿಗಳೂ ಖಾಲಿಯಾಗುತ್ತವೆ. ಒಯ್ದ ಎಣ್ಣೆಗೆ ರಸೀದಿ ಪಡೆದು ಸಂಘದ ಕಡತದಲ್ಲಿಡಬೇಕು.